ಸ್ಟ್ರೆಚರ್ ಮೇಲೆ ಮಲಗಿದವರು ಕಾನೂನಿನ ಕಣ್ಣಲ್ಲಿ ಯಾರು? ಮೇರಿಲ್ಯಾಂಡ್ ಪೊಲೀಸ್ ಹೆಲಿಕಾಪ್ಟರಿನ ಐವತ್ತು ವರ್ಷ

ರಸ್ತೆ ಅಪಘಾತದ ಸುದ್ದಿ ಬರೆಯುವವರಿಗೆ 'ಗೋಲ್ಡನ್ ಅವರ್' ಎಂಬ ಮಾತು ಚೆನ್ನಾಗಿ ಗೊತ್ತು. ಗಾಯವಾದ ಮೊದಲ ಒಂದು ಗಂಟೆಯಲ್ಲಿ ಚಿಕಿತ್ಸೆ ಸಿಕ್ಕರೆ ಬದುಕುವ ಸಾಧ್ಯತೆ ಹೆಚ್ಚು ಎಂಬುದು ಅದರ ಅರ್ಥ. 2019ರಲ್ಲಿ ನಮ್ಮ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ ಈ ಮಾತಿಗೆ ಕಾಯ್ದೆಯಲ್ಲೇ ವ್ಯಾಖ್ಯಾನ ಸಿಕ್ಕಿತು. ಆ ಒಂದು ಗಂಟೆಯಲ್ಲಿ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆ ಕೊಡಿಸುವ ಯೋಜನೆ ರೂಪಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಅದೇ ತಿದ್ದುಪಡಿ ಹೇಳಿತು.

ಈ ಮಾತು ಹುಟ್ಟಿದ್ದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ. ಅದನ್ನು ಪ್ರಚಾರಕ್ಕೆ ತಂದ ಶಸ್ತ್ರಚಿಕಿತ್ಸಕ ಆರ್. ಆಡಮ್ಸ್ ಕೌಲಿ. ಅವರು ಗಾಯಾಳುಗಳನ್ನು ಆ ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಲು ನೆಚ್ಚಿಕೊಂಡದ್ದು ಪೊಲೀಸರ ಹೆಲಿಕಾಪ್ಟರನ್ನು. ಅಲ್ಲಿಂದ ಶುರುವಾದ ಕತೆ ಒಂದು ವಿಚಿತ್ರ ಕಾನೂನು ಪ್ರಶ್ನೆಗೆ ಹೋಗಿ ನಿಂತಿತು. ಪೊಲೀಸ್ ಹೆಲಿಕಾಪ್ಟರಿನಲ್ಲಿ ಸ್ಟ್ರೆಚರ್ ಮೇಲೆ ಮಲಗಿರುವ ಗಾಯಾಳು ಯಾರು? ಪ್ರಯಾಣಿಕರೇ, ಸಿಬ್ಬಂದಿಯೇ, ಅಥವಾ ಎರಡೂ ಅಲ್ಲವೇ?

ಕೇಳಿದರೆ ಇದು ವಕೀಲರ ತಲೆಹರಟೆ ಅನ್ನಿಸಬಹುದು. ಆದರೆ ಆ ಹೆಲಿಕಾಪ್ಟರನ್ನು ಯಾರು ತಪಾಸಣೆ ಮಾಡಬೇಕು, ಪೈಲಟ್‌ಗೆ ಎಂಥ ತರಬೇತಿ ಇರಬೇಕು, ಮಂಜು ಕವಿದ ರಾತ್ರಿ ಹಾರಬಹುದೇ ಬೇಡವೇ ಎಂಬುದೆಲ್ಲ ಈ ಒಂದು ಪ್ರಶ್ನೆಯ ಉತ್ತರದ ಮೇಲೆ ನಿಂತಿತ್ತು.

ಯುದ್ಧಭೂಮಿಯಿಂದ ಹೆದ್ದಾರಿಗೆ

ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಸಾಗಿಸುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಕೊರಿಯಾ ಯುದ್ಧದಲ್ಲಿ. ಬೆಲ್ ಕಂಪನಿಯ ಸಣ್ಣ ಹೆಲಿಕಾಪ್ಟರುಗಳ ಎರಡೂ ಬದಿಗೆ ಸ್ಟ್ರೆಚರ್ ಕಟ್ಟಿ, ಸೈನಿಕರನ್ನು ರಣರಂಗದಿಂದ ಸಂಚಾರಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ವಿಯೆಟ್ನಾಂ ಹೊತ್ತಿಗೆ ದೊಡ್ಡ ಹೆಲಿಕಾಪ್ಟರುಗಳು ಬಂದವು, ಗಾಯಾಳುವನ್ನು ಒಳಗೇ ಮಲಗಿಸಿಕೊಂಡು ದಾರಿಯಲ್ಲೇ ಆರೈಕೆ ಮಾಡುವುದು ಸಾಧ್ಯವಾಯಿತು.

ಇತ್ತ ಅಮೆರಿಕದೊಳಗಿನ ರಸ್ತೆಗಳಲ್ಲಿ ಜನ ಯುದ್ಧದಲ್ಲಿ ಸಾಯುವಂತೆ ಸಾಯುತ್ತಿದ್ದರು. 1966ರಲ್ಲಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಒಂದು ವರದಿ ಹೊರಡಿಸಿತು. ಅದರ ಪ್ರಕಾರ 1965ರ ಒಂದೇ ವರ್ಷದಲ್ಲಿ ಬಗೆಬಗೆಯ ಅಪಘಾತಗಳಲ್ಲಿ 1,07,000 ಮಂದಿ ಸತ್ತಿದ್ದರು, ಅದರಲ್ಲಿ ರಸ್ತೆ ಅಪಘಾತಗಳದ್ದೇ 49,000. ಆಂಬುಲೆನ್ಸ್ ವ್ಯವಸ್ಥೆ ಹೇಗಿತ್ತೆಂದರೆ, ಎಷ್ಟೋ ಊರುಗಳಲ್ಲಿ ಶವಸಂಸ್ಕಾರದ ಅಂಗಡಿಯವರ ಗಾಡಿಯೇ ಆಂಬುಲೆನ್ಸ್ ಆಗಿತ್ತು. ಅದೇ ವರ್ಷ ಹೆದ್ದಾರಿ ಸುರಕ್ಷತಾ ಕಾಯ್ದೆ ಬಂತು, ರಾಜ್ಯಗಳಿಗೆ ತುರ್ತು ಚಿಕಿತ್ಸೆಗೆಂದು ಕೇಂದ್ರದ ಹಣ ಹರಿಯತೊಡಗಿತು.

ಕೌಲಿ ಬಾಲ್ಟಿಮೋರಿನಲ್ಲಿ ಅದಾಗಲೇ ಕೆಲವೇ ಹಾಸಿಗೆಗಳ ಆಘಾತ ಚಿಕಿತ್ಸಾ ಘಟಕ ನಡೆಸುತ್ತಿದ್ದರು. 1969ರಲ್ಲಿ ಅದು 32 ಹಾಸಿಗೆಗಳ ಕೇಂದ್ರವಾಯಿತು. ಆದರೆ ಗಾಯಾಳುಗಳು ಹೊತ್ತಿಗೆ ಸರಿಯಾಗಿ ಬರದಿದ್ದರೆ ಹಾಸಿಗೆ ಇದ್ದು ಏನು ಪ್ರಯೋಜನ? ಹೆಲಿಕಾಪ್ಟರ್ ಕೊಳ್ಳುವಷ್ಟು ಹಣ ಆಸ್ಪತ್ರೆಯ ಬಳಿ ಇರಲಿಲ್ಲ. ರಾಜ್ಯ ಪೊಲೀಸರಿಗೆ ಹೆದ್ದಾರಿ ಗಸ್ತಿಗೆ ಹೆಲಿಕಾಪ್ಟರ್ ಬೇಕಿತ್ತು. ಕೇಂದ್ರ ಸಾರಿಗೆ ಇಲಾಖೆಯ ಅನುದಾನದಿಂದ ಇಬ್ಬರ ಕೆಲಸವನ್ನೂ ಒಂದೇ ಯಂತ್ರಕ್ಕೆ ಹೊರಿಸಲಾಯಿತು. ಗಸ್ತೂ ಅದೇ, ಕಳ್ಳರ ಬೆನ್ನಟ್ಟುವುದೂ ಅದೇ, ಗಾಯಾಳುಗಳನ್ನು ಹೊರುವುದೂ ಅದೇ.

1970ರ ಮಾರ್ಚ್ 19ರಂದು ಬಾಲ್ಟಿಮೋರಿನ ವರ್ತುಲ ಹೆದ್ದಾರಿಯಲ್ಲಿ ಅಪಘಾತಕ್ಕೀಡಾದ ವ್ಯಕ್ತಿಯೊಬ್ಬರನ್ನು ಪೊಲೀಸ್ ಹೆಲಿಕಾಪ್ಟರ್ ಕೌಲಿಯವರ ಕೇಂದ್ರಕ್ಕೆ ತಂದಿತು. ಅಮೆರಿಕದಲ್ಲಿ ಸೇನೆಯದ್ದಲ್ಲದ ಸರ್ಕಾರಿ ಸಂಸ್ಥೆಯೊಂದು ಗಂಭೀರ ಗಾಯಾಳುವನ್ನು ಹೀಗೆ ಸಾಗಿಸಿದ್ದು ಅದೇ ಮೊದಲೆಂದು ಮೇರಿಲ್ಯಾಂಡ್ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. 1973ರಲ್ಲಿ ರಾಜ್ಯಪಾಲ ಮಾರ್ವಿನ್ ಮ್ಯಾಂಡೆಲ್ ಆದೇಶ ಹೊರಡಿಸಿ ಕೌಲಿಯವರ ಕೇಂದ್ರಕ್ಕೆ ರಾಜ್ಯಮಟ್ಟದ ಸಂಸ್ಥೆಯ ಸ್ಥಾನ ಕೊಟ್ಟರು. (ಅಮೆರಿಕದಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯಂತೆ ಜನರಿಂದ ಆಯ್ಕೆಯಾಗಿ ಆಡಳಿತ ನಡೆಸುವವರು.)

ಮುಂದೆ ವಾಹನ ನೋಂದಣಿ ಶುಲ್ಕದ ಮೇಲೆ ಸಣ್ಣ ಹೆಚ್ಚುವರಿ ಮೊತ್ತ ಹಾಕಿ, ಅದರಿಂದ ಈ ಸೇವೆಗೆ ನಿಧಿ ಕಟ್ಟಿದರು. ಗಾಯಾಳುವಿಗೆ ಬಿಲ್ ಇಲ್ಲ. ಖಾಸಗಿ ಏರ್ ಆಂಬುಲೆನ್ಸ್ ಹತ್ತಿದವರ ಮನೆಗೆ ಹತ್ತಾರು ಸಾವಿರ ಡಾಲರ್ ಬಿಲ್ ಬರುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ಈ 'ಬಿಲ್ ಇಲ್ಲ' ಎಂಬುದನ್ನು ನೆನಪಿಟ್ಟುಕೊಳ್ಳಿ. ಕಾನೂನಿನ ಲೆಕ್ಕದಲ್ಲಿ ಅದಕ್ಕೆ ಮುಂದೆ ಬೇರೆಯೇ ಅರ್ಥ ಬರುತ್ತದೆ.

ಬಿಳಿ ಬೋರ್ಡು, ಹಳದಿ ಬೋರ್ಡು, ಸರ್ಕಾರಿ ಜೀಪು

ನಮ್ಮ ರಸ್ತೆಯ ಹೋಲಿಕೆ ಕೊಟ್ಟರೆ ಅಮೆರಿಕದ ವಿಮಾನ ಕಾನೂನು ಸುಲಭವಾಗಿ ಅರ್ಥವಾಗುತ್ತದೆ. ಸ್ವಂತಕ್ಕೆ ಓಡಿಸುವ ಬಿಳಿ ಬೋರ್ಡಿನ ಕಾರಿಗೆ ಕೆಲವು ನಿಯಮ. ಬಾಡಿಗೆಗೆ ಜನರನ್ನು ಹತ್ತಿಸಿಕೊಳ್ಳುವ ಹಳದಿ ಬೋರ್ಡಿನ ಗಾಡಿಗೆ ಇನ್ನಷ್ಟು ಬಿಗಿಯಾದ ನಿಯಮ: ಪರ್ಮಿಟ್, ಫಿಟ್‌ನೆಸ್, ಚಾಲಕರ ಅರ್ಹತೆ. ವಿಮಾನಗಳಲ್ಲೂ ಹೀಗೆಯೇ. ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಹಾರಾಟ ನಿಯಮಗಳು ಭಾಗ 91ರಲ್ಲಿವೆ. ಹಣ ಪಡೆದು ಜನರನ್ನು ಒಯ್ಯುವ ಸಣ್ಣ ವಿಮಾನ ಮತ್ತು ಹೆಲಿಕಾಪ್ಟರುಗಳಿಗೆ ಭಾಗ 135. ಹವಾಮಾನ ಎಷ್ಟು ಕೆಟ್ಟಿದ್ದರೆ ಹಾರಬಾರದು, ಪೈಲಟ್ ಎಷ್ಟು ಗಂಟೆ ದುಡಿಯಬಹುದು, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಕೊಡಬೇಕು ಎಂಬುದೆಲ್ಲ ಈ ಎರಡನೆಯದರಲ್ಲಿ ಬಿಗಿ.

ಇವೆರಡರ ಹೊರಗೆ ಮೂರನೆಯದೊಂದಿದೆ: ಸರ್ಕಾರದ ಸ್ವಂತ ವಿಮಾನ. ಆಕಾಶದಲ್ಲಿ ಬೇರೆ ವಿಮಾನಕ್ಕೆ ಡಿಕ್ಕಿ ಹೊಡೆಯದಂತಿರುವ ನಿಯಮಗಳನ್ನು ಅದೂ ಪಾಲಿಸಬೇಕು. ಆದರೆ ಯಂತ್ರ ಹಾರಾಟಕ್ಕೆ ಯೋಗ್ಯವೇ, ಪೈಲಟ್ ಅರ್ಹರೇ, ದುರಸ್ತಿ ಸರಿಯಾಗಿದೆಯೇ ಎಂಬುದನ್ನು ನೋಡಿಕೊಳ್ಳುವ ಹೊಣೆ ಬಹುಮಟ್ಟಿಗೆ ಆ ಸರ್ಕಾರದ್ದೇ. ಕೇಂದ್ರ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, ಅಲ್ಲಿ ಕೈ ಹಾಕುವುದಿಲ್ಲ. ಸರ್ಕಾರವೇ ಸರ್ಕಾರದ ಮೇಲೆ ಯಾಕೆ ಕಾವಲು ಕೂರಬೇಕು ಎಂಬ ಹಳೆಯ ನಂಬಿಕೆ ಇದರ ಹಿಂದಿತ್ತು.

ಈ ನಂಬಿಕೆಗೆ ಪೆಟ್ಟು ಕೊಟ್ಟದ್ದು 1993ರ ಏಪ್ರಿಲ್ 19ರ ವಿಮಾನ ಅಪಘಾತ. ಸೌತ್ ಡಕೋಟಾ ರಾಜ್ಯದ ರಾಜ್ಯಪಾಲ ಜಾರ್ಜ್ ಮಿಕಲ್ಸನ್ ರಾಜ್ಯದ ಸ್ವಂತ ವಿಮಾನದಲ್ಲಿ ಹೋಗುತ್ತಿದ್ದಾಗ ಅದು ಬಿದ್ದು ಅದರಲ್ಲಿದ್ದ ಎಲ್ಲರೂ ಸತ್ತರು. ಮರುವರ್ಷವೇ ಕಾಂಗ್ರೆಸ್ ಕಾನೂನು ಬದಲಿಸಿತು. ಸರ್ಕಾರದ ವಿಮಾನ ಎಂದ ಮಾತ್ರಕ್ಕೆ ವಿನಾಯಿತಿ ಇಲ್ಲ, ಅದು ಆ ಹೊತ್ತಿನಲ್ಲಿ ಸರ್ಕಾರದ ಕೆಲಸ ಮಾಡುತ್ತಿರಬೇಕು ಎಂದಾಯಿತು. ಸೇನೆ ಮತ್ತು ಗುಪ್ತಚರ ಸಂಸ್ಥೆಗಳವನ್ನು ಬಿಟ್ಟು ಉಳಿದ ಸರ್ಕಾರಿ ವಿಮಾನಗಳ ಅಪಘಾತಗಳೂ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ, ಅಂದರೆ ಎನ್‌ಟಿಎಸ್‌ಬಿಯ ತನಿಖೆಗೆ ಒಳಪಟ್ಟವು.

2000ದಲ್ಲಿ ಈ ಕಾನೂನನ್ನು ಮತ್ತೆ ಬರೆದರು. ಆಗ 'ಸರ್ಕಾರಿ ಕೆಲಸ' ಎಂದರೆ ಏನು ಎಂಬುದಕ್ಕೆ ಉದಾಹರಣೆಗಳ ಪಟ್ಟಿ ಕೊಟ್ಟರು. ದೇಶ ರಕ್ಷಣೆ, ಗುಪ್ತಚರ, ಬೆಂಕಿ ನಂದಿಸುವುದು, ಹುಡುಕಾಟ ಮತ್ತು ರಕ್ಷಣೆ, ಕಾನೂನು ಪಾಲನೆ, ಕೈದಿಗಳ ಸಾಗಣೆ, ವೈಮಾನಿಕ ಸಂಶೋಧನೆ, ಜೀವಸಂಪನ್ಮೂಲ ಮತ್ತು ಭೂಸಂಪನ್ಮೂಲಗಳ ನಿರ್ವಹಣೆ.

ಪಟ್ಟಿಯನ್ನು ಇನ್ನೊಮ್ಮೆ ಓದಿ. ಕೈದಿ ಇದ್ದಾರೆ. ಅಪಘಾತದಲ್ಲಿ ಕಾಲು ಮುರಿದುಕೊಂಡವರು ಇಲ್ಲ.

ಪಟ್ಟಿಯಲ್ಲಿ ಇಲ್ಲದವರು

ಕಾನೂನು ಇನ್ನೂ ಎರಡು ಮಾತು ಹೇಳಿತು. ಒಂದು, ವಾಣಿಜ್ಯ ಉದ್ದೇಶಕ್ಕೆ ಬಳಸಿದರೆ ಅದು ಸರ್ಕಾರಿ ವಿಮಾನವಾಗಿ ಉಳಿಯುವುದಿಲ್ಲ. ಎರಡು, ಅದರಲ್ಲಿ ಸಿಬ್ಬಂದಿಯನ್ನು ಬಿಟ್ಟರೆ ಆ ಸರ್ಕಾರಿ ಕೆಲಸಕ್ಕೆ ಬೇಕಾದವರು ಅಥವಾ ಅದಕ್ಕೆ ಸಂಬಂಧಪಟ್ಟವರು ಮಾತ್ರ ಇರಬೇಕು. ಬೇರೆ ಯಾರಾದರೂ ಹತ್ತಿದರೆ ಅದು ಸಾಮಾನ್ಯ ನಾಗರಿಕ ವಿಮಾನ.

ಈಗ ಮೇರಿಲ್ಯಾಂಡಿನ ಪೊಲೀಸ್ ಹೆಲಿಕಾಪ್ಟರನ್ನು ಈ ಅಳತೆಗೆ ಹಿಡಿಯಿರಿ. ಗಾಯಾಳುವಿಗೆ ಬಿಲ್ ಹಾಕುವುದಿಲ್ಲ, ಆದ್ದರಿಂದ ವಾಣಿಜ್ಯವಲ್ಲ ಎನ್ನಬಹುದು. ಆದರೆ ಮಲಗಿರುವ ಗಾಯಾಳು ಸಿಬ್ಬಂದಿಯಲ್ಲ. ಗಾಯಾಳು ಸಾಗಣೆಯನ್ನೇ ಸರ್ಕಾರಿ ಕೆಲಸ ಎಂದು ಒಪ್ಪಿದರೆ ಮಾತ್ರ ಅವರು ಅದಕ್ಕೆ ಸಂಬಂಧಪಟ್ಟವರಾಗುತ್ತಾರೆ. 'ಹುಡುಕಾಟ ಮತ್ತು ರಕ್ಷಣೆ'ಯ ಅಡಿ ಇದನ್ನು ಸೇರಿಸಬಹುದೇ? 1995ರಲ್ಲೇ ಎಫ್‌ಎಎ ಒಂದು ಸುತ್ತೋಲೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿತ್ತು. ನೆಲದ ಮೇಲಿಂದ ಪತ್ತೆ ಮಾಡಲಾಗದವರನ್ನು ಹುಡುಕುವುದು, ಬೇರೆ ದಾರಿಯಿಲ್ಲದ ಜಾಗದಿಂದ ಎತ್ತಿ ತರುವುದು ರಕ್ಷಣೆ. ರಸ್ತೆ ಅಪಘಾತದ ಗಾಯಾಳುಗಳನ್ನು ಎಂದಿನಂತೆ ಸಾಗಿಸುವುದು, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಒಯ್ಯುವುದು ಇದರಲ್ಲಿ ಸೇರುವುದಿಲ್ಲ.

ಆದರೆ ಸುತ್ತೋಲೆ ಕಾನೂನಲ್ಲ. 2000ದ ಪಟ್ಟಿಯೂ 'ಮುಂತಾದ' ಎಂಬ ಧಾಟಿಯಲ್ಲೇ ಇತ್ತು, ಅಂದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ರಾಜ್ಯವೊಂದು 30 ವರ್ಷಗಳಿಂದ ತೆರಿಗೆ ಹಣದಲ್ಲಿ ಮಾಡುತ್ತಿರುವ ಕೆಲಸ ಸರ್ಕಾರಿ ಕೆಲಸ ಅಲ್ಲವೆಂದು ಹೇಳುವುದು ಹೇಗೆ ಎಂಬ ವಾದಕ್ಕೂ ತೂಕವಿತ್ತು. ಹೀಗೆ ಒಂದೇ ಹಾರಾಟಕ್ಕೆ ಎರಡು ಹೆಸರು ಸಾಧ್ಯವಾಯಿತು. ಕಾಗದದ ಮೇಲೆ ಈ ಗೊಂದಲ ಇರುವಾಗಲೇ 8 ನೆಲೆಗಳಿಂದ 12 ಡಾಫಿನ್ ಹೆಲಿಕಾಪ್ಟರುಗಳು ಹಗಲು ರಾತ್ರಿ ಹಾರುತ್ತಿದ್ದವು. ಅವುಗಳ ಕೆಲಸದಲ್ಲಿ ಹೆಚ್ಚಿನ ಪಾಲು ಗಾಯಾಳು ಸಾಗಣೆಯೇ.

2008ರ ಸೆಪ್ಟೆಂಬರ್ 27ರ ರಾತ್ರಿ

ಆ ಶನಿವಾರ ರಾತ್ರಿ ಮೇರಿಲ್ಯಾಂಡಿನ ವಾಲ್ಡಾರ್ಫ್ ಬಳಿ ಕಾರು ಅಪಘಾತವಾಗಿ ಇಬ್ಬರು ಯುವತಿಯರಿಗೆ ಗಾಯವಾಗಿತ್ತು. 'ಟ್ರೂಪರ್ 2' ಎಂಬ ಕರೆಹೆಸರಿನ ಪೊಲೀಸ್ ಹೆಲಿಕಾಪ್ಟರ್ ಬಂತು. ಒಬ್ಬ ಪೈಲಟ್, ಒಬ್ಬ ಅರೆವೈದ್ಯ ಪೊಲೀಸ್, ಜೊತೆಗೆ ಸ್ಥಳೀಯ ಆಂಬುಲೆನ್ಸ್ ತಂಡದ ಒಬ್ಬ ಸ್ವಯಂಸೇವಕಿ. ಇಬ್ಬರು ಗಾಯಾಳುಗಳನ್ನು ಹತ್ತಿಸಿಕೊಂಡು ಅದು ಪ್ರಿನ್ಸ್ ಜಾರ್ಜ್ಸ್ ಆಸ್ಪತ್ರೆಯ ಕಡೆಗೆ ಹೊರಟಿತು.

ಮೋಡ ಕೆಳಗಿಳಿದಿತ್ತು. ಆಸ್ಪತ್ರೆ ತಲುಪಲಾಗದೆ ಪೈಲಟ್ ಆಂಡ್ರೂಸ್ ವಾಯುಪಡೆ ನೆಲೆಯಲ್ಲಿ ಇಳಿಯಲು ತಿರುಗಿದರು. ವಾಯು ಸಂಚಾರ ನಿಯಂತ್ರಣದವರು ಕೊಟ್ಟ ಹವಾಮಾನ ಮಾಹಿತಿ ಗಂಟೆಗಳಷ್ಟು ಹಳೆಯದು. ರಾಡಾರ್ ನೋಡಿ ದಾರಿ ಹೇಳಿ ಎಂದು ಪೈಲಟ್ ಕೇಳಿದಾಗ, ಆ ಕೆಲಸದಲ್ಲಿ ತನ್ನ ಅರ್ಹತೆ ಸದ್ಯ ಚಾಲ್ತಿಯಲ್ಲಿಲ್ಲ ಎಂಬ ಉತ್ತರ ಬಂತು. ಮಧ್ಯರಾತ್ರಿಗೆ ಎರಡೇ ನಿಮಿಷ ಇರುವಾಗ ಹೆಲಿಕಾಪ್ಟರ್ ಡಿಸ್ಟ್ರಿಕ್ಟ್ ಹೈಟ್ಸ್‌ನ ಉದ್ಯಾನವೊಂದರ ಮರಗಳಿಗೆ ಬಡಿಯಿತು. ನಾಲ್ವರು ಸತ್ತರು. ಗಾಯಾಳುಗಳಲ್ಲಿ ಒಬ್ಬ ಯುವತಿ ಬದುಕುಳಿದರು. ಬಿದ್ದ ಜಾಗ ಪತ್ತೆಯಾಗಲು ಹತ್ತಿರ ಹತ್ತಿರ ಎರಡು ಗಂಟೆ ಹಿಡಿಯಿತು. ಗೋಲ್ಡನ್ ಅವರ್ ಹುಟ್ಟಿದ ರಾಜ್ಯದಲ್ಲಿ, ಅದಕ್ಕೆಂದೇ ಇದ್ದ ಹೆಲಿಕಾಪ್ಟರಿನ ಅವಶೇಷಗಳ ನಡುವೆ ಆಕೆ ಅಷ್ಟು ಹೊತ್ತು ಕಾಯಬೇಕಾಯಿತು.

2009ರ ಅಕ್ಟೋಬರಿನಲ್ಲಿ ಎನ್‌ಟಿಎಸ್‌ಬಿ ವರದಿ ಅಂಗೀಕಾರವಾಯಿತು. ಮೋಡದಿಂದ ಹೊರಬಂದು ನೆಲ ಕಾಣುವ ಆತುರದಲ್ಲಿ ಪೈಲಟ್ ವೇಗವಾಗಿ ಇಳಿದರು, ಇಳಿಯಬಹುದಾದ ಕನಿಷ್ಠ ಎತ್ತರದಲ್ಲಿ ನಿಲ್ಲಲಿಲ್ಲ ಎಂಬುದು ಮುಖ್ಯ ಕಾರಣ. ಅಷ್ಟಕ್ಕೆ ವರದಿ ನಿಲ್ಲಲಿಲ್ಲ. ಕೇವಲ ಉಪಕರಣ ನೋಡಿ ಹಾರುವ ಅಭ್ಯಾಸ ಪೈಲಟ್‌ಗೆ ಇತ್ತೀಚೆಗೆ ಕಡಿಮೆಯಿತ್ತು. ಹವಾಮಾನವನ್ನು ಅವರು ಸರಿಯಾಗಿ ಅಂದಾಜು ಮಾಡಲಿಲ್ಲ. ಹೊರಡುವ ಮುನ್ನ ಅಪಾಯವನ್ನು ತೂಗಿ ನೋಡುವ ಪದ್ಧತಿ ಪೊಲೀಸ್ ಇಲಾಖೆಯಲ್ಲಿ ಸರಿಯಾಗಿ ಪಾಲನೆಯಾಗುತ್ತಿರಲಿಲ್ಲ. ವಾಯು ಸಂಚಾರ ನಿಯಂತ್ರಣದ ಲೋಪಗಳು ಪೈಲಟ್‌ನ ಹೊರೆಯನ್ನು ಹೆಚ್ಚಿಸಿದವು. ನೆಲ ಹತ್ತಿರವಾದಾಗ ಎಚ್ಚರಿಸುವ ಉಪಕರಣ ಆ ಹೆಲಿಕಾಪ್ಟರಿನಲ್ಲಿ ಇರಲಿಲ್ಲ. ಎಫ್‌ಎಎ ಮೇಲ್ವಿಚಾರಣೆಯ ಪ್ರಶ್ನೆಯೂ ವರದಿಯಲ್ಲಿ ಚರ್ಚೆಗೆ ಬಂತು.

ಸತ್ತವರ ಮೇಲೆ ತಪ್ಪು ಹೊರಿಸಿ ಕಡತ ಮುಚ್ಚುವುದು ಸುಲಭ. ಆದರೆ ವರದಿ ಪಟ್ಟಿ ಮಾಡಿದ ಕಾರಣಗಳನ್ನು ಒಂದೊಂದಾಗಿ ನೋಡಿ. ತರಬೇತಿ, ಅಪಾಯದ ಲೆಕ್ಕ, ಉಪಕರಣ, ಮೇಲ್ವಿಚಾರಣೆ. ಇವೆಲ್ಲ ಒಬ್ಬ ಪೈಲಟ್ ಒಂದು ರಾತ್ರಿಯಲ್ಲಿ ತೀರ್ಮಾನಿಸುವ ಸಂಗತಿಗಳಲ್ಲ. ಹೊರಗಿನವರು ಯಾರಾದರೂ ಬಂದು ಕೇಳುತ್ತಿದ್ದರೆ ಸರಿಹೋಗಬಹುದಾದ ಸಂಗತಿಗಳು.

ನಿಯಮ ಬಂತು, ಯಾರಿಗೆ?

ಹೆಲಿಕಾಪ್ಟರ್ ಆಂಬುಲೆನ್ಸುಗಳ ಅಪಘಾತ ಮೇರಿಲ್ಯಾಂಡ್ ಒಂದರ ಸಮಸ್ಯೆಯಾಗಿರಲಿಲ್ಲ. 2002ರ ಜನವರಿಯಿಂದ 2005ರ ಜನವರಿವರೆಗೆ ಅಮೆರಿಕದಲ್ಲಿ ಇಂಥ ಸೇವೆಯ ವಿಮಾನ, ಹೆಲಿಕಾಪ್ಟರುಗಳ 55 ಅಪಘಾತಗಳಾಗಿ 54 ಮಂದಿ ಸತ್ತಿದ್ದರು ಎಂದು ಎನ್‌ಟಿಎಸ್‌ಬಿ 2006ರಲ್ಲೇ ಎಣಿಸಿತ್ತು. ಗಾಯಾಳು ಇಲ್ಲದೆ ಖಾಲಿ ಹಾರುವಾಗ ಖಾಸಗಿ ಕಂಪನಿಗಳೂ ಸಡಿಲ ನಿಯಮದಡಿ ಹಾರುತ್ತಿದ್ದವು ಎಂಬುದನ್ನೂ ಅದು ಬೊಟ್ಟು ಮಾಡಿತ್ತು. 2014ರ ಫೆಬ್ರವರಿಯಲ್ಲಿ ಎಫ್‌ಎಎ ಕೊನೆಗೂ ಹೊಸ ನಿಯಮ ಪ್ರಕಟಿಸಿತು. ವೈದ್ಯಕೀಯ ಸಿಬ್ಬಂದಿ ಒಳಗಿದ್ದರೆ ಗಾಯಾಳು ಇಲ್ಲದಿದ್ದರೂ ಭಾಗ 135ರಂತೆ ಹಾರಬೇಕು. ಹೊರಡುವ ಮುನ್ನ ಅಪಾಯದ ಲೆಕ್ಕ ಕಡ್ಡಾಯ. ನೆಲದ ಎಚ್ಚರಿಕೆ ಉಪಕರಣ ಕಡ್ಡಾಯ. 10 ಅಥವಾ ಹೆಚ್ಚು ಆಂಬುಲೆನ್ಸ್ ಹೆಲಿಕಾಪ್ಟರ್ ಇರುವ ಕಂಪನಿಗೆ ನಿಯಂತ್ರಣ ಕೇಂದ್ರ ಕಡ್ಡಾಯ.

ಮೇರಿಲ್ಯಾಂಡ್ ವರದಿಯಲ್ಲಿ ಪಟ್ಟಿಯಾದ ಕೊರತೆಗಳಿಗೂ ಈ ನಿಯಮಗಳಿಗೂ ಎಷ್ಟು ಹೊಂದಿಕೆ ಎಂಬುದು ಓದಿದ ಕೂಡಲೇ ತಿಳಿಯುತ್ತದೆ. ಆದರೆ ಇವು ಕಟ್ಟುಹಾಕಿದ್ದು ನಾಗರಿಕ ಪರವಾನಗಿ ಪಡೆದವರನ್ನು. ಸರ್ಕಾರಿ ವಿಮಾನ ಎಂದು ಹೆಸರಾದ ಹೆಲಿಕಾಪ್ಟರಿಗೆ ಇವು ಮುಟ್ಟುವುದಿಲ್ಲ. ಅದಕ್ಕೇ ಎನ್‌ಟಿಎಸ್‌ಬಿ ಮೇರಿಲ್ಯಾಂಡ್ ಪೊಲೀಸರಿಗೂ, ಇಂಥ ಸೇವೆ ನಡೆಸುವ ಇತರ ಸರ್ಕಾರಿ ಸಂಸ್ಥೆಗಳಿಗೂ ನೇರವಾಗಿ ಶಿಫಾರಸು ಬರೆಯಬೇಕಾಯಿತು. ಶಿಫಾರಸನ್ನು ಒಪ್ಪುವುದು ಬಿಡುವುದು ಪಡೆದವರಿಗೆ ಬಿಟ್ಟದ್ದು.

ನಿಸ್ಸಂಶಯವಾಗಿ ಸರ್ಕಾರಿ ಕೆಲಸವಾದ ರಕ್ಷಣಾ ಹಾರಾಟವೂ ಸುರಕ್ಷಿತವಾಗಿರಲಿಲ್ಲ. 2009ರ ಜೂನ್ 9ರಂದು ನ್ಯೂ ಮೆಕ್ಸಿಕೋ ರಾಜ್ಯ ಪೊಲೀಸರ ಹೆಲಿಕಾಪ್ಟರ್ ಬೆಟ್ಟದಲ್ಲಿ ದಾರಿ ತಪ್ಪಿದ ಚಾರಣಿಗಳೊಬ್ಬರನ್ನು ಹತ್ತಿಸಿಕೊಂಡು ಮೇಲೇರಿದ ಕೂಡಲೇ ಅಪಘಾತಕ್ಕೀಡಾಯಿತು. ಪೈಲಟ್ ಮತ್ತು ಚಾರಣಿಗ ಮಹಿಳೆ ಸತ್ತರು. ಸುರಕ್ಷತೆಗಿಂತ ಕೆಲಸ ಮುಗಿಸುವುದೇ ಮೇಲೆಂಬ ಇಲಾಖೆಯ ಸಂಸ್ಕೃತಿಯೂ ಕಾರಣಗಳಲ್ಲೊಂದು ಎಂದು ತನಿಖೆ ಹೇಳಿತು.

ಬ್ರಿಟನ್ ಬೇರೆ ದಾರಿ ಹಿಡಿದಿತ್ತು. ಪೊಲೀಸ್ ಹಾರಾಟವನ್ನು ನಿಯಮದ ಹೊರಗೆ ಬಿಡದೆ, ಅದಕ್ಕೆಂದೇ ಪ್ರತ್ಯೇಕ ಪ್ರಮಾಣಪತ್ರವನ್ನು ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರವೇ ಕೊಡುತ್ತದೆ. ವಿಲ್ಟ್‌ಶೈರ್‌ನಲ್ಲಿ 1990ರಿಂದ 2014ರವರೆಗೆ ಪೊಲೀಸರೂ ಆಂಬುಲೆನ್ಸಿನವರೂ ಒಂದೇ ಹೆಲಿಕಾಪ್ಟರ್ ಹಂಚಿಕೊಂಡಿದ್ದರು. ಪೊಲೀಸ್ ಹೆಲಿಕಾಪ್ಟರಿಗೆ ಹೊರಗಿನ ಕಣ್ಣು ಇಡುವುದು ಅಸಾಧ್ಯ ಎಂಬ ಮಾತಿಗೆ ಇಷ್ಟು ಉದಾಹರಣೆ ಸಾಕು.

ಮೇರಿಲ್ಯಾಂಡ್ ಬದಲಾಯಿಸಿದ್ದು

ಅಪಘಾತದ ನಂತರ ಖಾಸಗಿಗೆ ಕೊಟ್ಟುಬಿಡಿ ಎಂಬ ಕೂಗೂ ಎದ್ದಿತು. ರಾಜ್ಯ ಕೊಡಲಿಲ್ಲ. ಬದಲಿಗೆ ಮೊದಲು ಬದಲಾಯಿಸಿದ್ದು ಯಾರನ್ನು ಹತ್ತಿಸಬೇಕು ಎಂಬ ನಿಯಮವನ್ನು. ಅಲ್ಲಿ ಗಾಯಾಳುಗಳನ್ನು ನಾಲ್ಕು ವರ್ಗ ಮಾಡುತ್ತಾರೆ. ಮೊದಲ ಎರಡು ಕಣ್ಣಿಗೆ ಕಾಣುವ ಗಂಭೀರ ಸ್ಥಿತಿಯವರದು. ಕೊನೆಯ ಎರಡು, ಸದ್ಯ ಸ್ಥಿರವಾಗಿದ್ದರೂ ಅಪಘಾತದ ಸ್ವರೂಪ ಅಥವಾ ವಯಸ್ಸಿನಂಥ ಕಾರಣಕ್ಕೆ ಒಳಪೆಟ್ಟು ಇರಬಹುದೆಂದು ಶಂಕಿಸುವವರದು. ಈ ಕೊನೆಯ ಎರಡು ವರ್ಗದವರಿಗೆ ಹೆಲಿಕಾಪ್ಟರ್ ಕರೆಯುವ ಮುನ್ನ ವೈದ್ಯರನ್ನು ಕೇಳಲೇಬೇಕು ಎಂದಾಯಿತು. ಹಾರಾಟಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು.

ಇದನ್ನು ಅರಗಿಸಿಕೊಳ್ಳುವುದು ಕಷ್ಟ. ಗೋಲ್ಡನ್ ಅವರ್‌ನ ತರ್ಕ ಹೇಳುತ್ತಿದ್ದದ್ದು ಅನುಮಾನವಿದ್ದರೆ ಹಾರಿಸಿ ಎಂದು. 2001ರಲ್ಲಿ ಇಬ್ಬರು ಸಂಶೋಧಕರು ಸರಿಯಾಗಿ ಒಂದು ಗಂಟೆ ಎಂಬ ಗಡಿಗೆ ಆಧಾರವೆಲ್ಲಿದೆ ಎಂದು ಹುಡುಕಿದಾಗ ಗಟ್ಟಿ ಪುರಾವೆ ಸಿಕ್ಕಿರಲಿಲ್ಲ. ಬೇಗ ಚಿಕಿತ್ಸೆ ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹಾರಾಟಕ್ಕೂ ತನ್ನದೇ ಅಪಾಯವಿದೆ, ಅದನ್ನು ಗಾಯದ ಅಪಾಯದ ಎದುರು ತಕ್ಕಡಿಗೆ ಹಾಕಬೇಕು ಎಂಬ ಸರಳ ಲೆಕ್ಕ ಆ ರಾಜ್ಯದ ನಿಯಮದಲ್ಲಿ ಗಟ್ಟಿಯಾಗಿ ಸೇರಲು ನಾಲ್ಕು ಜೀವ ಹೋಗಬೇಕಾಯಿತು. 2013ರಿಂದ ಹೊಸ ಎಡಬ್ಲ್ಯೂ 139 ಹೆಲಿಕಾಪ್ಟರುಗಳು ಬಂದವು. ಮುಂದೆ ಇಬ್ಬರು ಪೈಲಟ್, ಹಿಂದೆ ಇಬ್ಬರು ಅರೆವೈದ್ಯರು ಎಂಬ ಪದ್ಧತಿ ನೆಲೆಯಾಯಿತು.

ನಮಗೇಕೆ ಈ ಕತೆ

ದೂರದ ಊರಿನ ಕತೆ ನಮಗೇಕೆ ಎಂದು ಓದುಗರು ಕೇಳಬಹುದು. ನಾವು ಆ ಊರಿನಿಂದ 'ಗೋಲ್ಡನ್ ಅವರ್' ಎಂಬ ಮಾತನ್ನು ತಂದು ಕಾಯ್ದೆಯೊಳಗೆ ಇಟ್ಟುಕೊಂಡಿದ್ದೇವೆ. ಆ ಮಾತಿನ ಹಿಂದೆ ಐವತ್ತು ವರ್ಷದ ಲೆಕ್ಕ, ನಷ್ಟ, ತಿದ್ದುಪಡಿ ಇವೆ ಎಂಬುದು ಮಾತಿನ ಜೊತೆಗೇ ಬರಲಿಲ್ಲ.

ತುರ್ತು ಸೇವೆಯೊಂದರ ಉದ್ಘಾಟನೆಗೆ ಹೋದಾಗ ನಾವು ವರದಿಗಾರರು ಬರೆದುಕೊಳ್ಳುವುದು ಎಷ್ಟು ವಾಹನ, ಎಷ್ಟು ಕೋಟಿ, ಎಷ್ಟು ನಿಮಿಷದಲ್ಲಿ ಬರುತ್ತದೆ ಎಂಬುದನ್ನು. ಇನ್ನು ಮುಂದೆ ಇನ್ನೊಂದಿಷ್ಟು ಕೇಳೋಣ. ಇದು ಯಾವ ನಿಯಮದಡಿ ಓಡುತ್ತದೆ ಅಥವಾ ಹಾರುತ್ತದೆ? ತಪಾಸಣೆ ಮಾಡುವವರು ನಡೆಸುವವರಿಗಿಂತ ಬೇರೆಯೇ? ಬೇಡ ಎಂದು ಹೇಳುವ ಅಧಿಕಾರ ಯಾರಿಗಿದೆ, ಹಾಗೆ ಹೇಳಿದವರಿಗೆ ತೊಂದರೆಯಾಗದಂತೆ ಏನು ವ್ಯವಸ್ಥೆ? ಅಪಘಾತವಾದರೆ ತನಿಖೆ ಯಾರದು?

ಬಸ್ ಹತ್ತುವವರು ಬೇಡವೆನಿಸಿದರೆ ಇಳಿದು ಹೋಗಬಹುದು. ಪ್ರಜ್ಞೆಯಿಲ್ಲದೆ ಸ್ಟ್ರೆಚರ್ ಮೇಲೆ ಮಲಗಿದವರು ಯಾವ ಗಾಡಿ, ಯಾರ ಗಾಡಿ ಎಂದು ಕೇಳಲಾರರು. ಅವರಿಗೆ ಸಿಗುವ ರಕ್ಷಣೆ ಹೆಲಿಕಾಪ್ಟರಿನ ಬದಿಗೆ ಪೊಲೀಸ್ ಎಂದು ಬರೆದಿದೆಯೋ ಆಸ್ಪತ್ರೆಯ ಹೆಸರಿದೆಯೋ ಎಂಬುದರ ಮೇಲೆ ಹೆಚ್ಚು ಕಡಿಮೆ ಆಗಬಾರದು. ಅಮೆರಿಕದ ಕಾನೂನು ಈ ಪ್ರಶ್ನೆಯನ್ನು ಗಾಯಾಳುವಿನ ಕಡೆಯಿಂದ ಕೇಳಲಿಲ್ಲ. ವಿಮಾನದ ಒಡೆಯರು ಯಾರು, ಬಿಲ್ ಹಾಕಿದರೇ ಇಲ್ಲವೇ ಎಂಬ ಕಡೆಯಿಂದಲೇ ಕೇಳುತ್ತಾ ಬಂತು.